ಗೃಹಸ್ಥನ ದುಡಿಮೆಯು ಸಾಧನೆಯೇ?

ಭಾದ್ರಪದ ಬಹುಳ ಪಕ್ಷವು ಸಮೀಪಿಸುತ್ತಿದೆ. ಶ್ರಾವಣದಲ್ಲಿ ಶ್ರೀಗುರುರಾಜರ ಆರಾಧನೆಯೂ ಶ್ರೀಕೃಷ್ಣಜಯಂತಿಯೂ ನಡೆದು, ಭಾದ್ರಪದ ಶುಕ್ಲದಲ್ಲಿ ಅನಂತವ್ರತದೊಡನೆ ಉತ್ಸವಗಳ ಸಡಗರವು ಒಂದು ಘಟ್ಟಕ್ಕೆ ಬಂದು ನಿಂತ ಮೇಲೆ, ಆಸ್ತಿಕರ ಮನೆಗಳಲ್ಲಿ ಪಿತೃಗಳನ್ನು ನೆನೆಯುವ ದಿನಗಳು ಪ್ರಾಪ್ತವಾಗುತ್ತವೆ. ತಂದೆ, ತಾತ, ಮುತ್ತಾತ, ತಾಯಿಯ ಕಡೆಯವರು, ಗುರುಗಳು, ಸ್ನೇಹಿತರು, ಹೆಸರು ಹೇಳುವವರು ಇನ್ನಾರೂ ಉಳಿಯದ ಬಂಧುಗಳು, ಎಲ್ಲರಿಗೂ ಈ ಪಕ್ಷದಲ್ಲಿ ಪಿಂಡ-ತಿಲೋದಕಗಳುಂಟು. ಪುರೋಹಿತರು ಕೇಳುವುದು ಮೂರೇ ಮಾತು: ಸಂಬಂಧವೇನು, ಗೋತ್ರವೇನು, ಹೆಸರೇನು. ಆ ಜೀವನು ಬದುಕಿದ್ದಾಗ ಏನು ಓದಿದ್ದನು, ಎಷ್ಟು ಗಳಿಸಿದ್ದನು, ಊರಿನಲ್ಲಿ ಎಂತಹ ಮನ್ನಣೆ ಪಡೆದಿದ್ದನು ಎಂದು ಶ್ರಾದ್ಧಕರ್ಮವು ವಿಚಾರಿಸುವುದಿಲ್ಲ. ವಸು-ರುದ್ರ-ಆದಿತ್ಯರಲ್ಲಿ ಅಂತರ್ಗತನಾದ ಪ್ರದ್ಯುಮ್ನ-ಸಂಕರ್ಷಣ-ವಾಸುದೇವರೂಪಿ ಭಗವಂತನು ಪ್ರೀತನಾಗಲಿ ಎಂಬ ಒಂದೇ ಅನುಸಂಧಾನದಲ್ಲಿ ಪಂಡಿತನೂ ಪಾಮರನೂ ಸಮಾನವಾಗಿ ಸ್ಮರಿಸಲ್ಪಡುತ್ತಾರೆ.

ಈ ವರ್ಷ ನಮ್ಮ ಗುಡಿಗೆ ಸೇರಿದ ಒಂದು ಮನೆಯಲ್ಲಿ ಪಕ್ಷದ ಪಟ್ಟಿಗೆ ಹೊಸದಾಗಿ ಒಂದು ಹೆಸರು ಸೇರಲಿದೆ. ಆ ಗೃಹಸ್ಥರು ಕಾಲವಾಗಿ ವರ್ಷವು ಕಳೆದು, ಆಬ್ದಿಕವೂ ಸಾಂಗವಾಗಿ ನೆರವೇರಿದೆ. ಅವರ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಸೇವಾಕರ್ತರ ಫಲಕದಲ್ಲಿಯೂ ಎಂದೂ ಹೆಸರು ಬರೆಸದಿದ್ದವರು ಅವರು. ಅವರನ್ನು ನೆನೆಯುವಾಗ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆಯು ಎದ್ದಿತು. ಅದು ಅವರೊಬ್ಬರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಸಂಸಾರವನ್ನು ಹೊತ್ತು ದುಡಿಯುತ್ತಿರುವ ನಮ್ಮ ಸಮಾಜದ ಬಹುಮಂದಿ ಗೃಹಸ್ಥರಿಗೂ ಗೃಹಿಣಿಯರಿಗೂ ಸಂಬಂಧಿಸಿದ್ದು. ಆದುದರಿಂದ ಅದನ್ನು ಸಜ್ಜನರ ಮುಂದಿಡಲು ಇಚ್ಛಿಸುತ್ತೇವೆ.

ಆ ಮಹನೀಯರು ಊರಿನ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಾವು ನಮ್ಮ ತೀರ್ಥರೂಪರ ಕೈಕೆಳಗೆ ಹೂವು-ತುಳಸಿಗಳನ್ನು ಬಿಡಿಸುತ್ತಿದ್ದ ಬಾಲ್ಯದಿಂದಲೂ ಅವರನ್ನು ಬಲ್ಲೆವು. ಪ್ರಾತಃಕಾಲದಲ್ಲಿ ನಿರ್ಮಾಲ್ಯ ವಿಸರ್ಜನೆಯ ವೇಳೆಗೆ ಸೈಕಲ್ಲನ್ನು ಹೊರಗೋಡೆಗೆ ಒರಗಿಸಿ ಒಳಗೆ ಬರುವರು. ಪ್ರಾಣದೇವರಿಗೆ ನಮಸ್ಕರಿಸಿ ತೀರ್ಥವನ್ನು ಸ್ವೀಕರಿಸುವರು. ಆಮೇಲೆ ಪಂಚೆಯ ಮಡಿಕೆಯಿಂದ ಚಿಕ್ಕದೊಂದು ಹಿತ್ತಾಳೆಯ ಗಿಂಡಿಯನ್ನು ತೆಗೆದು ಮುಂದೆ ಹಿಡಿಯುವರು. ಅದು ಮನೆಯಲ್ಲಿದ್ದ ಧರ್ಮಪತ್ನಿಗಾಗಿ. ಆ ಸಾಧ್ವಿಗೆ ಸಂಧಿವಾತವು ತಗುಲಿ ಕೈಬೆರಳುಗಳು ಮಡಿಸಿಕೊಂಡು, ಕೊನೆಯ ಹನ್ನೊಂದು ವರ್ಷಗಳು ಗುಡಿಯ ಮೆಟ್ಟಲನ್ನು ಹತ್ತಲಾಗಲಿಲ್ಲ. ನೀರು ಸೇದುವುದು, ಮಡಿಯಲ್ಲಿ ಅಡಿಗೆ ಮಾಡುವುದು, ಅವರ ತಲೆ ಬಾಚಿ ಹೆರಳು ಹಾಕುವುದು, ಊಟ ಮಾಡಿಸುವುದು, ಇವೆಲ್ಲವನ್ನೂ ಮುಗಿಸಿಯೇ ಇವರು ಮಂಡಿಗೆ ಹೋಗಬೇಕು. ಸಾಯಂಕಾಲ ಹಿಂದಿರುಗಿದ ಮೇಲೆ ಎರಡು ಅಂಗಡಿಗಳ ಲೆಕ್ಕಪುಸ್ತಕಗಳನ್ನು ಮನೆಗೆ ತಂದು ಬರೆಯುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳ ವಿವಾಹದ ಸಾಲವು ತೀರಿದುದೂ, ಮಗನ ವಿದ್ಯಾಭ್ಯಾಸವು ನಡೆದುದೂ ಆ ರಾತ್ರಿಯ ಬರವಣಿಗೆಯಿಂದ. ಏಕಾದಶಿಯಂದು ನಿರಾಹಾರದಲ್ಲಿಯೇ ದಿನವಿಡೀ ದುಡಿಯುವರು. ದ್ವಾದಶಿಯಂದು ಕತ್ತಲಿರುವಾಗಲೇ ಎದ್ದು ಪಾರಣೆಗೆ ಅಡಿಗೆ ಮಾಡುವರು.

ಆದರೆ ಗುಡಿಯ ಪ್ರವಚನಗಳಲ್ಲಿ ಅವರನ್ನು ಕಾಣುವುದು ಅಪರೂಪವಾಗಿತ್ತು. ಸಪ್ತಾಹಕ್ಕೆ ಬಂದರೂ ಬಾಗಿಲ ಹತ್ತಿರ ಕುಳಿತು, ಮಂಗಳಕ್ಕೆ ಮುಂಚೆಯೇ ಎದ್ದು ಹೋಗಿಬಿಡುವರು. ಕೆಲವು ವರ್ಷಗಳ ಹಿಂದೆ, ಪಾಠಶಾಲೆಯಿಂದ ಬಂದ ಹೊಸದರಲ್ಲಿ, ವೇದಿಕೆಯ ಮೇಲೆ ಕುಳಿತ ಉತ್ಸಾಹದಿಂದ ನಾವು ಒಮ್ಮೆ ಒಂದು ಮಾತನ್ನು ಆಡಿದೆವು. ಸಂಸಾರಕ್ಕೆ ಇಪ್ಪತ್ತಮೂರು ಗಂಟೆಗಳನ್ನು ಕೊಡುವವರು ಶ್ರೀಹರಿಗೆ ಒಂದು ಗಂಟೆಯನ್ನು ಕೊಡಲಾರರೇ ಎಂದು, ಎದ್ದು ಹೋಗುತ್ತಿದ್ದವರು ಯಾರೆಂಬುದು ಸಭೆಗೆ ತಿಳಿಯುವಂತೆಯೇ ಹೇಳಿದೆವು. ಸಭೆಯು ನಕ್ಕಿತು. ಅವರು ಒಂದು ಕ್ಷಣ ನಿಂತು, ಕೈಮುಗಿದು, ಹೊರಟುಹೋದರು. ಮರುದಿನ ಪ್ರಾತಃಕಾಲ ಎಂದಿನಂತೆ ಗಿಂಡಿಯನ್ನು ಮುಂದೆ ಹಿಡಿದರು. ನಾವೂ ಎಂದಿನಂತೆ ತೀರ್ಥವನ್ನು ಹಾಕಿದೆವು. ಆ ವಿಷಯದಲ್ಲಿ ಅವರೂ ಮಾತನಾಡಲಿಲ್ಲ, ನಾವೂ ಆಡಲಿಲ್ಲ.

ಅವರ ವೈಕುಂಠಸಮಾರಾಧನೆಯ ದಿವಸ, ಭೋಜನಾನಂತರ, ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟು ಹೇಳಿದರು: “ಬಹಳ ಒಳ್ಳೆಯ ಮನುಷ್ಯ. ಹೆಂಡತಿ-ಮಕ್ಕಳಿಗಾಗಿಯೇ ಸವೆದ. ಪಾಪ, ತನಗಾಗಿ ಸಾಧನೆಯನ್ನೇನೂ ಮಾಡಿಕೊಳ್ಳಲಿಲ್ಲ.” ಅಲ್ಲಿದ್ದವರು ಹೌದೆಂದು ತಲೆದೂಗಿದರು. ಆ ಮಾತನ್ನು ಕೇಳಿದಾಗ, ಹಿಂದೆ ವೇದಿಕೆಯಿಂದ ನಾವು ಆಡಿದ ಮಾತೇ ಹಿರಿಯರ ಬಾಯಿಂದ ನಮಗೆ ಮರಳಿ ಕೇಳಿಬಂದಂತಾಯಿತು. ಅದು ನಿಜವೇ? ಪತ್ನಿಯ ಶುಶ್ರೂಷೆಯಲ್ಲಿ, ಮಕ್ಕಳ ಪೋಷಣೆಯಲ್ಲಿ ಸವೆದ ಆಯುಷ್ಯವು ಸಾಧನೆಯ ಲೆಕ್ಕಕ್ಕೆ ಬಾರದೇ? ಇದೇ ಪ್ರಕೃತ ವಿಚಾರಣೀಯವಾದ ವಿಷಯ.

ಪೂರ್ವಪಕ್ಷವನ್ನು ಅದರ ಪೂರ್ಣಬಲದಿಂದಲೇ ಇಡುವುದು ನ್ಯಾಯ. ಭಗವದ್ಗೀತೆಯ ೧೩ನೆಯ ಅಧ್ಯಾಯದಲ್ಲಿ ಜ್ಞಾನಸಾಧನಗಳನ್ನು ಎಣಿಸುವಾಗ, ಮಕ್ಕಳು, ಹೆಂಡತಿ, ಮನೆ ಮೊದಲಾದವುಗಳಲ್ಲಿ ಅಂಟಿಕೊಳ್ಳದಿರುವುದೂ ಒಂದೆಂದು ಭಗವಂತನೇ ಹೇಳಿದ್ದಾನೆ. ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ತನ್ನ ೨೪ ಗುರುಗಳಲ್ಲಿ ಒಂದು ಪಾರಿವಾಳವನ್ನೂ ಸೇರಿಸುತ್ತಾನೆ. ಬೇಡನ ಬಲೆಯಲ್ಲಿ ಮರಿಗಳು ಸಿಕ್ಕಿದುದನ್ನು ಕಂಡು ಹೆಣ್ಣುಪಾರಿವಾಳವೂ, ಅದನ್ನು ಕಂಡು ಗಂಡುಪಾರಿವಾಳವೂ ಬಲೆಗೆ ಬಿದ್ದು ಕುಟುಂಬವೇ ನಾಶವಾದ ಕಥೆಯದು. ಚತುರ್ಥಸ್ಕಂಧದ ಪುರಂಜನನು ಪತ್ನಿಯ ಚಿಂತೆಯಲ್ಲಿಯೇ ಪ್ರಾಣಬಿಟ್ಟು ಮುಂದೆ ಹೆಣ್ಣಾಗಿ ಹುಟ್ಟಿದನು. ಹೀಗಿರುವಾಗ, ಸಂಸಾರಕ್ಕಾಗಿ ದುಡಿದು ಮಡಿದವನು ಸಾಧಕನೆಂದರೆ ಶಾಸ್ತ್ರಕ್ಕೆ ವಿರೋಧವಾಗದೇ? ಮೃತರ ವಿಷಯದಲ್ಲಿ ಒಳ್ಳೆಯ ಮಾತನ್ನಾಡಬೇಕೆಂಬ ದಾಕ್ಷಿಣ್ಯದಿಂದ ತತ್ತ್ವವನ್ನು ಸಡಿಲಿಸಬಹುದೇ?

ಸಡಿಲಿಸಲಾಗದು. ಆದರೆ ಶಾಸ್ತ್ರವು ನಿಷೇಧಿಸಿದುದು ಯಾವುದನ್ನು ಎಂಬುದನ್ನು ಮಾತ್ರ ಸರಿಯಾಗಿ ನೋಡಬೇಕು. ಪಾರಿವಾಳವು ಮರಿಗಳಿಗೆ ಗುಟುಕು ತಂದು ಕೊಟ್ಟದ್ದು ದೋಷವೆಂದು ಅವಧೂತನು ಹೇಳಲಿಲ್ಲ. ಇವರಿಲ್ಲದೆ ನನಗೆ ಬದುಕೇ ಇಲ್ಲವೆಂದು, ತನಗೂ ಅವರಿಗೂ ಒಡೆಯನಾದವನನ್ನು ಮರೆತು ಬಲೆಗೆ ಹಾರಿದುದು ದೋಷ. ಗೀತೆಯು ನಿಷೇಧಿಸಿದುದು ಅಂಟನ್ನು, ಪೋಷಣೆಯನ್ನಲ್ಲ. ಪತ್ನೀಪುತ್ರರಲ್ಲಿ ಅಂಟಬೇಡವೆಂದ ಅದೇ ಭಗವಂತನು, ೩ನೆಯ ಅಧ್ಯಾಯದಲ್ಲಿ, ತನಗೆ ಪಡೆಯಬೇಕಾದದ್ದು ಮೂರು ಲೋಕಗಳಲ್ಲಿ ಏನೂ ಇಲ್ಲದಿದ್ದರೂ ತಾನು ಕರ್ಮದಲ್ಲಿಯೇ ಇರುವೆನೆಂದು ಹೇಳಿ ಅರ್ಜುನನನ್ನು ಅವನ ಕರ್ತವ್ಯಕ್ಕೆ ಹಚ್ಚಿದನು. ೧೮ನೆಯ ಅಧ್ಯಾಯದಲ್ಲಿ, ಮಾನವನು ತನಗೆ ವಿಹಿತವಾದ ಕರ್ಮದಿಂದಲೇ ಜಗತ್ಕಾರಣನಾದ ತನ್ನನ್ನು ಅರ್ಚಿಸಿ ಸಿದ್ಧಿಯನ್ನು ಹೊಂದುವನೆಂದನು. ಗೃಹಸ್ಥನಿಗೆ ವಿಹಿತವಾದ ಕರ್ಮ ಯಾವುದು? ದೇವ-ಋಷಿ-ಪಿತೃಗಳ ಋಣವನ್ನು ತೀರಿಸುವುದು, ಅತಿಥಿಯನ್ನು ಸತ್ಕರಿಸುವುದು, ತನ್ನನ್ನು ನಂಬಿದವರನ್ನು ಪೋಷಿಸುವುದು. ವಾಯುವನ್ನಾಶ್ರಯಿಸಿ ಸಕಲ ಪ್ರಾಣಿಗಳು ಹೇಗೆ ಜೀವಿಸುತ್ತವೆಯೋ ಹಾಗೆ ಇತರ ಆಶ್ರಮಗಳೆಲ್ಲವೂ ಗೃಹಸ್ಥನನ್ನಾಶ್ರಯಿಸಿ ನಿಂತಿವೆಯೆಂದು ಮನುವೂ ಹೇಳಿದ್ದಾನೆ.

ಶ್ರೀಮನ್ಮಹಾಭಾರತವು ಈ ಪ್ರಶ್ನೆಯನ್ನು ಹಲವು ಕಡೆ ಎತ್ತಿಕೊಳ್ಳುತ್ತದೆ. ವನಪರ್ವದಲ್ಲಿ ಮಾರ್ಕಂಡೇಯರು ಧರ್ಮರಾಜನಿಗೆ ಹೇಳಿದ ಕೌಶಿಕನ ಕಥೆಯು ಸರ್ವವಿದಿತ. ವೇದಾಧ್ಯಯನಸಂಪನ್ನನೂ ತಪಸ್ವಿಯೂ ಆದ ಆ ಬ್ರಾಹ್ಮಣನು ಕೋಪದ ದೃಷ್ಟಿಯಿಂದ ಕೊಕ್ಕರೆಯೊಂದನ್ನು ಕೊಂದು, ಭಿಕ್ಷೆಗಾಗಿ ಒಂದು ಮನೆಯ ಬಾಗಿಲಿಗೆ ಬಂದನು. ಹಸಿದು ಬಂದ ಪತಿಯ ಉಪಚಾರದಲ್ಲಿದ್ದ ಗೃಹಿಣಿಯು ಅವನನ್ನು ಕಾಯಿಸಿದಳು. ಅವನು ಸಿಟ್ಟಾದಾಗ, ತಾನು ಆ ಕೊಕ್ಕರೆಯಲ್ಲವೆಂದು ತಿಳಿಸಿ, ಧರ್ಮವನ್ನು ಅರಿಯಬೇಕಾದರೆ ಮಿಥಿಲೆಯ ವ್ಯಾಧನಲ್ಲಿಗೆ ಹೋಗೆಂದಳು. ಆ ವ್ಯಾಧನಾದರೋ ತಪಸ್ಸಿಗೆಂದು ಮನೆಬಿಟ್ಟು ಹೋದವನಲ್ಲ. ವೃದ್ಧರಾದ ತಂದೆತಾಯಿಗಳನ್ನು ಮೀಯಿಸಿ, ಉಣಿಸಿ, ಅವರ ಸೇವೆಯಲ್ಲಿ ನಿರತನಾದವನು. ಕೌಶಿಕನು ತನ್ನ ತಂದೆತಾಯಿಗಳ ಅನುಮತಿಯನ್ನೂ ಪಡೆಯದೆ ಅಧ್ಯಯನಕ್ಕೆಂದು ಹೊರಟುಬಂದಿದ್ದನು. ಅವರು ದುಃಖದಿಂದ ಕಣ್ಣು ಕಳೆದುಕೊಂಡಿದ್ದರು. ಹಿಂದಿರುಗಿ ಅವರ ಸೇವೆ ಮಾಡೆಂದು ವ್ಯಾಧನು ಅವನನ್ನು ಕಳುಹಿಸಿದನು. ವೇದವನ್ನು ಓದಿದವನು ಧರ್ಮವನ್ನು ಕಲಿಯಲು ಒಂದು ಅಡಿಗೆಮನೆಯ ಬಾಗಿಲಿನಲ್ಲಿ ಕಾಯಬೇಕಾಯಿತೆಂಬುದನ್ನು ಪಾಠಶಾಲೆಯಲ್ಲಿ ಓದಿ ಬಂದ ನಮ್ಮಂಥವರು ವಿಶೇಷವಾಗಿ ಗಮನಿಸತಕ್ಕದ್ದು.

ಶಾಂತಿಪರ್ವದಲ್ಲಿ ಇನ್ನೊಂದು ಪ್ರಸಂಗವಿದೆ. ಯುದ್ಧಾನಂತರ ವಿರಕ್ತನಾಗಿ ಕಾಡಿಗೆ ಹೋಗಬಯಸಿದ ಧರ್ಮರಾಜನಿಗೆ ಅರ್ಜುನನು ಹೇಳುವ ಪುರಾತನ ಕಥೆಯದು. ಮೀಸೆ ಮೂಡದ ತರುಣರು ಕೆಲವರು ಮನೆಗಳನ್ನು ತೊರೆದು ಅರಣ್ಯಕ್ಕೆ ಬಂದರು. ಇಂದ್ರನು ಚಿನ್ನದ ಹಕ್ಕಿಯಾಗಿ ಬಂದು ‘ವಿಘಸಾಶಿ’ಗಳನ್ನು ಹೊಗಳಿದನು. ತಮ್ಮನ್ನೇ ಹೊಗಳುತ್ತಿರುವುದೆಂದು ತರುಣರು ಹಿಗ್ಗಿದರು. ಆಗ ಹಕ್ಕಿಯು, ನಿಮ್ಮನ್ನಲ್ಲ, ದೇವತೆಗಳಿಗೆ, ಪಿತೃಗಳಿಗೆ, ಅತಿಥಿಗಳಿಗೆ, ತನ್ನ ಜನರಿಗೆ ಕೊಟ್ಟು ಉಳಿದುದನ್ನು ಉಣ್ಣುವವರೇ ವಿಘಸಾಶಿಗಳು ಎಂದು ಸ್ಪಷ್ಟಪಡಿಸಿ, ಅವರನ್ನು ಗೃಹಸ್ಥಧರ್ಮಕ್ಕೆ ತಿರುಗಿಸಿತು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದ ಸಾರು-ಅನ್ನವನ್ನು ಉಣ್ಣುವವರು ನಮ್ಮ ಎಷ್ಟು ಮನೆಗಳಲ್ಲಿಲ್ಲ! ಅದಕ್ಕೊಂದು ಶಾಸ್ತ್ರೀಯವಾದ ಹೆಸರಿದೆಯೆಂದು ಅವರಿಗೆ ತಿಳಿದಿರಲಾರದು.

ಶ್ರೀಮದಾಚಾರ್ಯರ ಚರಿತ್ರೆಯನ್ನೇ ನೋಡೋಣ. ಜಗದ್ಗುರುಗಳಾಗಲು ಅವತರಿಸಿದ ವಾಸುದೇವನಿಗೆ ಸಂನ್ಯಾಸವು ನಿಶ್ಚಿತವೇ ಆಗಿತ್ತು. ಆದರೂ ಮಧ್ಯಗೇಹಭಟ್ಟರು, ಇರುವ ಒಬ್ಬ ಮಗನೂ ಹೊರಟುಹೋದರೆ ವೃದ್ಧಾಪ್ಯದಲ್ಲಿ ಗತಿಯೇನೆಂದು ಶೋಕಿಸಿದಾಗ, ತಮ್ಮನೊಬ್ಬನು ಹುಟ್ಟುವವರೆಗೆ ತಾನು ತುರ್ಯಾಶ್ರಮವನ್ನು ಸ್ವೀಕರಿಸುವುದಿಲ್ಲವೆಂದು ವಾಸುದೇವನು ಮಾತು ಕೊಟ್ಟು ಹಾಗೆಯೇ ನಡೆದುದನ್ನು ಸುಮಧ್ವವಿಜಯವು ವರ್ಣಿಸುತ್ತದೆ. ಮನೆಯನ್ನು ನೋಡಿಕೊಳ್ಳುವವನೊಬ್ಬನು ಬೇಕೆಂಬ ತಂದೆಯ ಮಾತನ್ನು ಶ್ರೀಮದಾಚಾರ್ಯರು ಮೋಹವೆಂದು ತಳ್ಳಲಿಲ್ಲ. ಅದಕ್ಕೂ ಮುಂಚೆ, ಎತ್ತಿನ ಸಾಲಕ್ಕಾಗಿ ಸಾಲಿಗನು ತಂದೆಯನ್ನು ಪೀಡಿಸಿದಾಗ ಬಾಲಕ ವಾಸುದೇವನು ಹುಣಿಸೆಯ ಬೀಜಗಳನ್ನಿತ್ತು ಋಣವನ್ನು ತೀರಿಸಿದ ಪ್ರಸಂಗವನ್ನು ಮಕ್ಕಳೂ ಬಲ್ಲರು. ಮಹಿಮೆಯ ದೃಷ್ಟಿಯಿಂದ ಅದನ್ನು ಕೇಳುವ ನಾವು, ಸಾಲದಿಂದ ಕುಗ್ಗಿದ ಒಬ್ಬ ಗೃಹಸ್ಥನ ಕಷ್ಟವೂ ಅಲ್ಲಿದೆಯೆಂಬುದನ್ನು ಮರೆಯಬಾರದು.

ಮಂತ್ರಾಲಯಪ್ರಭುಗಳಾದ ಶ್ರೀರಾಘವೇಂದ್ರತೀರ್ಥರು ಪೂರ್ವಾಶ್ರಮದಲ್ಲಿ ವೆಂಕಟನಾಥಾಚಾರ್ಯರಾಗಿ, ಸಾಧ್ವಿ ಸರಸ್ವತೀದೇವಿಯರೊಡನೆ ದಾರಿದ್ರ್ಯವನ್ನು ಅನುಭವಿಸಿದವರು. ಶ್ರೀಸುಧೀಂದ್ರತೀರ್ಥರು ಪೀಠವನ್ನು ವಹಿಸಿಕೊಳ್ಳಬೇಕೆಂದಾಗ, ಪತ್ನಿಯು ಚಿಕ್ಕವಳು, ಮಗನಿಗೆ ಇನ್ನೂ ಉಪನಯನವಾಗಿಲ್ಲವೆಂದು ಅವರು ಹಿಂಜರಿದರು. ವಾಗ್ದೇವಿಯೇ ಸ್ವಪ್ನದಲ್ಲಿ ಬಂದು ಪ್ರೇರಿಸಿದ ಮೇಲೆ, ಮಗನ ಉಪನಯನವನ್ನು ನೆರವೇರಿಸಿ, ೧೬೨೧ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸವನ್ನು ಸ್ವೀಕರಿಸಿದರು. ಆ ಹಿಂಜರಿಕೆಯನ್ನು ಅವರ ಚರಿತ್ರಕಾರರು ಮರೆಮಾಚಲಿಲ್ಲ; ಮರೆಮಾಚಬೇಕಾದ ದೋಷವೆಂದು ಅವರಿಗೆ ತೋರಲಿಲ್ಲ. ದಾಸಶ್ರೇಷ್ಠರಾದ ಪುರಂದರದಾಸರು (೧೪೮೪–೧೫೬೪) ಸಂಪತ್ತನ್ನು ತೊರೆದರೇ ಹೊರತು, ತಮ್ಮ ಕಣ್ಣು ತೆರೆಯಿಸಿದ ಪತ್ನಿಯನ್ನೂ ಮಕ್ಕಳನ್ನೂ ತೊರೆಯಲಿಲ್ಲ. ಅವರೊಡನೆಯೇ ಹಂಪೆಗೆ ನಡೆದರು.

ಇಷ್ಟು ಉದಾಹರಣೆಗಳ ಹಿಂದಿರುವ ತತ್ತ್ವವೇನು? ಭಕ್ತಿಯೆಂದರೇನೆಂದು ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ನಿರೂಪಿಸಿದ್ದಾರೆ. ಭಗವಂತನ ಮಾಹಾತ್ಮ್ಯವನ್ನು ಅರಿತು, ಅವನಲ್ಲಿ ಮಾಡುವ ದೃಢವಾದ, ಎಲ್ಲದಕ್ಕಿಂತಲೂ ಅಧಿಕವಾದ ಸ್ನೇಹವೇ ಭಕ್ತಿ. ಶ್ರೀಮಟ್ಟೀಕಾಕೃತ್ಪಾದರು ನ್ಯಾಯಸುಧೆಯಲ್ಲಿ ಇದನ್ನು ವಿಸ್ತರಿಸಿ, ತನ್ನಲ್ಲಿಯೂ ತನ್ನವರಲ್ಲಿಯೂ ಇರುವ ಪ್ರೀತಿಗಿಂತ ಎಷ್ಟೋ ಪಾಲು ಮಿಗಿಲಾದದ್ದು ಎಂದರು. ಇಲ್ಲಿ ‘ಅಧಿಕ’ವೆಂಬ ಪದವನ್ನು ಗಮನಿಸಬೇಕು. ಒಂದಕ್ಕಿಂತ ಇನ್ನೊಂದು ಅಧಿಕವೆನ್ನಬೇಕಾದರೆ ಮೊದಲನೆಯದೂ ಇರಬೇಕಷ್ಟೆ. ತನ್ನವರಲ್ಲಿ ಪ್ರೀತಿಯೇ ಇರಬಾರದೆಂದು ಲಕ್ಷಣವು ಹೇಳಲಿಲ್ಲ. ಶ್ರೀಹರಿಯಲ್ಲಿರುವ ಪ್ರೀತಿಯು ಅದಕ್ಕಿಂತ ಮೇಲಾಗಿರಬೇಕೆಂದಿತು. ಪತ್ನಿಯನ್ನು ಪ್ರೀತಿಸಲರಿಯದ ಶುಷ್ಕಹೃದಯನು ಅಷ್ಟರಿಂದಲೇ ಹರಿಭಕ್ತನಾಗಿಬಿಡುವುದಿಲ್ಲ.

ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಮಾಡಿದ ಉಪದೇಶವು ಇನ್ನೂ ಆಳಕ್ಕೆ ಹೋಗುತ್ತದೆ. ಪತಿಯು ಪತ್ನಿಗೆ, ಪತ್ನಿಯು ಪತಿಗೆ ಪ್ರಿಯರಾಗುವುದು ಏತರಿಂದ? ಅಲ್ಲಿಯ ಆತ್ಮಶಬ್ದಕ್ಕೆ ಪರಮಾತ್ಮನೆಂದು ಅರ್ಥವನ್ನು ಹೇಳಿ, ಅವರವರ ಇಚ್ಛೆಯಿಂದಲ್ಲ, ಪರಮಾತ್ಮನ ಇಚ್ಛೆಯಿಂದಲೇ ಅವರು ಪರಸ್ಪರ ಪ್ರಿಯರಾಗುತ್ತಾರೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಹಾಗಾದರೆ ಗೃಹಸ್ಥನು ಪತ್ನಿಯಲ್ಲಿಡುವ ಪ್ರೀತಿಯು ಶ್ರೀಹರಿಯಿಂದ ಕದ್ದು ಬೇರೆಡೆ ವ್ಯಯಮಾಡಿದ ವಸ್ತುವಲ್ಲ; ಅವನೇ ಕೊಟ್ಟದ್ದು. ಕೊಟ್ಟವನನ್ನು ಮರೆತಾಗ ಅದು ಬಂಧಕ. ನೆನೆದಾಗ ಅದೇ ಸಾಧನ. ಮತ್ತು ನಮ್ಮ ಮತದಲ್ಲಿ ಜಗತ್ತು ಸತ್ಯ. ಆಕೆಯ ಬೆರಳಿನ ನೋವು ಸತ್ಯ. ಇವರ ಬೆನ್ನಿನ ಆಯಾಸವೂ ಸತ್ಯ. ಅವನ್ನು ಸುಳ್ಳೆಂದು ತಳ್ಳಿಹಾಕುವ ದಾರಿಯು ತತ್ತ್ವವಾದಿಗಳಾದ ನಮಗೆ ಇಲ್ಲ.

ಇಷ್ಟನ್ನು ಹೇಳಿದ ಮಾತ್ರಕ್ಕೆ, ದುಡಿಮೆಯೇ ದೇವರು, ಬೇರೆ ಸಾಧನೆಯೇ ಬೇಡವೆಂದು ಯಾರೂ ತಿಳಿಯಕೂಡದು. ಗಾಣದ ಎತ್ತೂ ದುಡಿಯುತ್ತದೆ. ‘ನಾನು ಗಳಿಸಿದೆ, ನಾನು ಸಾಕಿದೆ, ನನ್ನಿಂದ ಈ ಮನೆಯು ನಿಂತಿದೆ’ ಎಂಬ ಅಹಂಕಾರದಿಂದ ದುಡಿಯುವವನ ದುಡಿಮೆಯು ಅವನನ್ನು ಇನ್ನಷ್ಟು ಬಿಗಿಯುತ್ತದೆ. ಕರ್ಮವು ಅಂತಃಕರಣವನ್ನು ಶುದ್ಧಗೊಳಿಸುವುದು. ಜ್ಞಾನಭಕ್ತಿಗಳಿಲ್ಲದೆ, ಶ್ರೀಹರಿಯ ಪ್ರಸಾದವಿಲ್ಲದೆ ಮೋಕ್ಷವಿಲ್ಲ. ಆದುದರಿಂದ ಶ್ರವಣವು ಅವಶ್ಯವೇ. ದುಡಿಮೆಯು ಸಾಧನೆಯಾಗಬೇಕಾದರೆ ಮೂರು ಅನುಸಂಧಾನಗಳು ಬೇಕು. ಜೀವನು ಕರ್ತನಾದರೂ ಅವನ ಕರ್ತೃತ್ವವು ಶ್ರೀಹರಿಯ ಅಧೀನವೆಂಬುದು ಒಂದು. ತಾನು ಪೋಷಿಸುವ ಪತ್ನೀಪುತ್ರರು ತನ್ನ ಸ್ವತ್ತಲ್ಲ, ಅವನು ತನ್ನ ಕೈಗೆ ಒಪ್ಪಿಸಿದ ಅವನ ಜನರೆಂಬುದು ಎರಡು. ಫಲವು ಬಂದರೂ ಬಾರದಿದ್ದರೂ ಅವನಿಗೇ ಅರ್ಪಿತವೆಂಬುದು ಮೂರು. ಇವು ಇದ್ದರೆ ತಕ್ಕಡಿ ಹಿಡಿಯುವುದೂ ಪೂಜೆಯಾಗುತ್ತದೆ. ಇವು ಇಲ್ಲದಿದ್ದರೆ, ಗರ್ಭಗೃಹದೊಳಗೆ ನಿಂತು ನಾವು ಮಾಡುವ ಅಭಿಷೇಕವೂ ಜೀವನೋಪಾಯದ ಕೆಲಸವಾಗಿ ಉಳಿಯುತ್ತದೆ.

ಆ ಮಹನೀಯರಲ್ಲಿ ಈ ಅನುಸಂಧಾನವಿತ್ತೇ? ಹೊರಗಿನಿಂದ ನೋಡಿದ ನಮಗೆ ಅದು ಗೊತ್ತಿರಲಿಲ್ಲ. ಮಾಸಿಕದ ನಿಮಿತ್ತ ಅವರ ಮನೆಗೆ ಹೋದಾಗ, ಹಿಂದೆ ವೇದಿಕೆಯಲ್ಲಿ ಆಡಿದ ಮಾತಿಗಾಗಿ ಆ ತಾಯಿಯ ಮುಂದೆ ಕ್ಷಮೆ ಬೇಡಿದೆವು. ಆಕೆಗೆ ಆ ಸಂಗತಿಯೇ ತಿಳಿದಿರಲಿಲ್ಲ. ಇವರು ಮನೆಯಲ್ಲಿ ಹೇಳಿರಲಿಲ್ಲ. ಮಾತು ಮುಂದುವರಿದು ಆಕೆ ಹೇಳಿದರು: “ಅವರೇನೂ ಋಷಿಗಳಲ್ಲ. ಕೋಪವಿತ್ತು. ನಶ್ಯದ ಅಭ್ಯಾಸವಿತ್ತು, ಬಿಡಿಸಲಾಗಲಿಲ್ಲ. ಆದರೆ ರಾತ್ರಿ ಮನೆಯ ಲೆಕ್ಕವನ್ನು ಬರೆದು ಮುಗಿಸಿದಾಗ ‘ಕೃಷ್ಣಾರ್ಪಣ’ ಎಂದು ಗಟ್ಟಿಯಾಗಿ ಹೇಳಿ ಪುಸ್ತಕವನ್ನು ಮುಚ್ಚುವರು. ಕೈಯಲ್ಲಿ ಏನೂ ಉಳಿಯದ ದಿನವೂ ಹಾಗೆಯೇ. ಉಳಿದದ್ದೇ ಇಲ್ಲವಲ್ಲ, ಅರ್ಪಿಸುವುದೇನೆಂದು ನಾನು ನಗುತ್ತಿದ್ದೆ. ಖರ್ಚಾದದ್ದನ್ನೇ ಅರ್ಪಿಸುವುದು ಎನ್ನುವರು.” ಗೂಡಿನಿಂದ ಒಂದು ಪುಸ್ತಕವನ್ನು ತೆಗೆಯಿಸಿ ತೋರಿಸಿದರು. ಹಾಲು, ಔಷಧ, ಮಗನ ಶುಲ್ಕ, ದೀಪದೆಣ್ಣೆ, ನಶ್ಯ. ಮೇಲೆ ‘ಶ್ರೀ’, ಕೆಳಗೆ ಮೊತ್ತ. ನಮ್ಮ ಅನೇಕರ ಮನೆಯ ಲೆಕ್ಕಪುಸ್ತಕಗಳು ಹೀಗೆಯೇ ಇರುತ್ತವೆ. ಖರ್ಚಾದದ್ದನ್ನೇ ಅರ್ಪಿಸುವುದೆಂಬ ಅರ್ಥವನ್ನು ನಾವು ಎಷ್ಟೋ ಗೀತಾಪಾಠಗಳಲ್ಲಿ ಹೇಳಿದ್ದರೂ, ನಮ್ಮ ಮನೆಯ ಹಾಲಿನ ಲೆಕ್ಕದೊಡನೆ ಅದನ್ನು ಕೂಡಿಸಿರಲಿಲ್ಲ.

ಹಾಗೆಂದು ಅವರು ಇಂತಹ ಗತಿಯನ್ನು ಪಡೆದರೆಂದು ನಾವು ತೀರ್ಪು ಕೊಡುವುದಿಲ್ಲ. ಜೀವರಲ್ಲಿ ತಾರತಮ್ಯವುಂಟು; ಪ್ರತಿಯೊಬ್ಬನ ಯೋಗ್ಯತೆಯನ್ನು ಬಲ್ಲವನು ಅಂತರ್ಯಾಮಿಯೊಬ್ಬನೇ. ‘ಅವರು ವೈಕುಂಠಕ್ಕೇ ಹೋದರು’ ಎನ್ನಲು ನಮಗೆಷ್ಟು ಅಧಿಕಾರವಿದೆಯೋ, ‘ಅವರು ಸಾಧನೆ ಮಾಡಲಿಲ್ಲ’ ಎನ್ನಲೂ ಅಷ್ಟೇ ಅಧಿಕಾರ. ಎರಡೂ ಇಲ್ಲ. ಮೃತನನ್ನು ಅತಿಯಾಗಿ ಹೊಗಳುವುದೂ, ಬದುಕಿದ್ದಾಗ ಅವನನ್ನು ಹಗುರವಾಗಿ ಕಾಣುವುದೂ ಒಂದೇ ದೋಷದ ಎರಡು ರೂಪಗಳು. ಎರಡರಲ್ಲಿಯೂ ನಾವು ಅವನನ್ನು ನೋಡಲಿಲ್ಲ.

ಇಲ್ಲಿ ಗೃಹಿಣಿಯರ ವಿಷಯವನ್ನೂ ಹೇಳದಿದ್ದರೆ ಲೇಖನವು ಅಪೂರ್ಣವಾಗುತ್ತದೆ. ‘ಪತ್ನೀ’ ಎಂಬ ಶಬ್ದವು ಯಜ್ಞಸಂಬಂಧದಿಂದಲೇ ಸಿದ್ಧಿಸುವುದೆಂದು ಪಾಣಿನಿಯ ಸೂತ್ರವಿದೆ. ಗೃಹಸ್ಥಧರ್ಮವು ಒಬ್ಬನದಲ್ಲ. ಆ ತಾಯಿಯು ಹಾಸಿಗೆಯಲ್ಲಿದ್ದುಕೊಂಡೇ ತಿಥಿ-ನಕ್ಷತ್ರಗಳನ್ನು ಲೆಕ್ಕ ಹಾಕಿ, ಇಂದು ದ್ವಾದಶಿ, ನಾಳೆ ಮಾವನವರ ಶ್ರಾದ್ಧ ಎಂದು ಹೇಳುತ್ತಿದ್ದರು. ಇವರು ಅದರಂತೆ ನಡೆಯುತ್ತಿದ್ದರು. ವಿವಾಹದಲ್ಲಿ ಧರ್ಮಾರ್ಥಕಾಮಗಳಲ್ಲಿ ಈಕೆಯನ್ನು ಮೀರಿ ನಡೆಯುವುದಿಲ್ಲವೆಂದು ವರನು ಮಾಡಿದ ಪ್ರತಿಜ್ಞೆಯು ಮಂಟಪದ ಹೊಗೆಯೊಡನೆ ಮುಗಿದುಹೋಗುವ ಮಾತಲ್ಲವೆಂಬುದನ್ನು ಆ ದಂಪತಿಗಳಲ್ಲಿ ಕಂಡೆವು. ಇನ್ನು ನಮ್ಮ ಗುಡಿಯಲ್ಲಿಯೇ, ಆರಾಧನೆಯ ದಿವಸ ಜ್ಞಾನಸತ್ರವು ನಡೆಯುವಾಗ ಪಾಕಶಾಲೆಯಲ್ಲಿ ಹೊಗೆಯ ನಡುವೆ ನಿಂತು ತೀರ್ಥಪ್ರಸಾದವನ್ನು ಸಿದ್ಧಪಡಿಸುವವರು ಉಪನ್ಯಾಸದ ಒಂದು ಮಾತನ್ನೂ ಕೇಳಿರುವುದಿಲ್ಲ. ಕೇಳಿದವರು ಉಂಡು ಹೋಗುತ್ತಾರೆ. ಯಾರ ಸಾಧನೆಯು ಹೆಚ್ಚಿನದೆಂದು ವೇದಿಕೆಯ ಮೇಲಿನವರು ನಿರ್ಣಯಿಸದಿರುವುದು ಕ್ಷೇಮ.

ಹಾಗಾದರೆ ದುಡಿದು ಹೋದ ಗೃಹಸ್ಥನಿಗೆ ನಾವು ಸಲ್ಲಿಸಬೇಕಾದದ್ದೇನು? ಪುತ್ರನು ಸಲ್ಲಿಸುವ ಪಿಂಡ-ತಿಲೋದಕಗಳು ಮೊದಲನೆಯವು; ಅವುಗಳ ಸ್ಥಾನವನ್ನು ಬೇರೇನೂ ತುಂಬಲಾರದು. ಎರಡನೆಯದು, ಅವನು ಹೊತ್ತಿದ್ದ ಭಾರವನ್ನು ಯಾರಾದರೂ ಹೊರುವುದು. ಅವನು ಯಾರಿಗಾಗಿ ಸವೆದನೋ ಅವರನ್ನು ಮರೆತು ಅವನನ್ನು ಕೊಂಡಾಡಿದರೆ ಅದು ಸ್ಮರಣೆಯಾಗದು. ಇಂದು ಆ ಮನೆಗೆ ಪ್ರಾತಃಕಾಲದ ತೀರ್ಥವನ್ನು ಮಗನು ಒಯ್ಯುತ್ತಾನೆ. ಅವನು ಪರಸ್ಥಳಕ್ಕೆ ಹೋದ ದಿನಗಳಲ್ಲಿ ಬೀದಿಯವರು ಸರದಿಯಂತೆ ಒಯ್ಯುತ್ತಾರೆ. ಅಡಿಗೆಯ ಸಹಾಯಕ್ಕೂ ಇಬ್ಬರು ಒಪ್ಪಿದ್ದಾರೆ. ಇದನ್ನು ಸಂಘಟಿಸಿದವರು, ಸಮಾರಾಧನೆಯ ದಿನ ಆ ಮಾತನ್ನಾಡಿದ ಹಿರಿಯರೇ ಎಂಬುದನ್ನು ಸಂತೋಷದಿಂದ ತಿಳಿಸುತ್ತೇವೆ.

ಮೂರನೆಯದು ನಮ್ಮ ಪಾಲಿನದು. ಶ್ರವಣವು ಅವಶ್ಯವೆಂದು ಹೇಳುವವರು, ದುಡಿಯುವವನಿಗೆ ಅದು ದೊರೆಯುವಂತೆ ಮಾಡಬೇಕು. ಅವರು ಮಂಗಳಕ್ಕೆ ಮುಂಚೆ ಏಕೆ ಎದ್ದು ಹೋಗುತ್ತಾರೆಂದು ನಾವು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ, ರಾತ್ರಿ ಎಂಟಕ್ಕೆ ಆಕೆಗೆ ಔಷಧವನ್ನು ಕೊಟ್ಟು ಮಗ್ಗುಲು ಬದಲಿಸಬೇಕೆಂಬುದು ತಿಳಿಯುತ್ತಿತ್ತು. ಕಳೆದ ಚಾತುರ್ಮಾಸ್ಯದಿಂದ ಪ್ರತಿದಿನ ಬೆಳಿಗ್ಗೆ ೬ ಗಂಟೆಗೆ, ತೀರ್ಥಪ್ರದಾನಕ್ಕೆ ಮುಂಚೆ, ಕಾಲು ಗಂಟೆಯ ಕಾಲ ಗೀತಾತಾತ್ಪರ್ಯವನ್ನು ಹೇಳುವ ಕ್ರಮವನ್ನು ಆರಂಭಿಸಿದ್ದೇವೆ. ಕೆಲಸಕ್ಕೆ ಹೋಗುವವರು ಎಂಟು ಹತ್ತು ಮಂದಿ ಬರುತ್ತಿದ್ದಾರೆ. ಕೆಲವರು ಗಿಂಡಿಗಳನ್ನು ಕೈಯಲ್ಲಿ ಹಿಡಿದೇ ನಿಂತು ಕೇಳುತ್ತಾರೆ. ಈ ಏರ್ಪಾಡು ಹತ್ತು ವರ್ಷಗಳ ಹಿಂದೆಯೇ ಆಗಬೇಕಾಗಿತ್ತು. ಯಾರಿಗಾಗಿ ಆಗಬೇಕಾಗಿತ್ತೋ ಅವರು ಇಂದು ಆ ಬಾಗಿಲ ಬಳಿ ಇಲ್ಲ.

ಪಕ್ಷಮಾಸದಲ್ಲಿ ತಮ್ಮ ತಮ್ಮ ಪಿತೃಗಳ ಹೆಸರು-ಗೋತ್ರಗಳನ್ನು ಹೇಳುವಾಗ, ಆ ಹೆಸರುಗಳ ಹಿಂದೆ ಎಷ್ಟು ದಿನಗಳ ಬೆವರು, ಎಷ್ಟು ರಾತ್ರಿಗಳ ಲೆಕ್ಕ, ಎಷ್ಟು ಮಂದಿಗೆ ಬಡಿಸಿ ಉಳಿದ ಅನ್ನವಿದೆಯೆಂಬುದನ್ನು ಸಜ್ಜನರು ಒಂದು ಕ್ಷಣ ನೆನೆಯಬೇಕೆಂದು ಪ್ರಾರ್ಥಿಸುತ್ತೇವೆ. ಅವರೆಲ್ಲರಲ್ಲಿ ನಿಂತು ದುಡಿಸಿದವನೂ, ಅವರಿಂದ ನಮ್ಮನ್ನು ಪೋಷಿಸಿದವನೂ ಆದ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಲಕ್ಷ್ಮೀನಾರಾಯಣನು ಪ್ರೀತನಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥